ನೋಡುವವನು ನಿಲ್ಲುವ ಜಾಗ: ಬರೋಕ್ ಮತ್ತು ರೊಕೊಕೊ ಕಾಲದ ಆಸ್ಥಾನ ಚಿತ್ರಗಳು

ತೆರೆಯ ಮೇಲೆ ಈಗ ಕಾಣುತ್ತಿರುವ ಚಿತ್ರವನ್ನು ನಿಮ್ಮಲ್ಲಿ ಹಲವರು ಶಾಲೆಯ ಚರಿತ್ರೆ ಪುಸ್ತಕದಲ್ಲಿ ನೋಡಿರುತ್ತೀರಿ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಈ ಚಿತ್ರವನ್ನು ಇಯಾಸಿಂತ್ ರಿಗೋ 1701ರಲ್ಲಿ ಬರೆದ. ಪುಸ್ತಕದಲ್ಲಿ ಅದು ಅಂಚೆಚೀಟಿಗಿಂತ ತುಸು ದೊಡ್ಡದಾಗಿರುತ್ತದೆ. ನಾನೂ ಮೊದಲ ಸಲ ನೋಡಿದ್ದು ಅಂಗೈಯಗಲದ ಕಪ್ಪು ಬಿಳುಪು ಅಚ್ಚಿನಲ್ಲೇ. ಆಗ ನನ್ನ ಕಣ್ಣಿಗೆ ಬಿದ್ದದ್ದು ಒಬ್ಬ ಮುದುಕ, ರಾಶಿ ಬಟ್ಟೆ, ದೊಡ್ಡದೊಂದು ಟೋಪನ್ನು. ನಿಜವಾದ ಚಿತ್ರ 277 ಸೆಂಟಿಮೀಟರ್ ಎತ್ತರ, 194 ಸೆಂಟಿಮೀಟರ್ ಅಗಲ ಇದೆ, ಎಂದರೆ ನಮ್ಮ ಮನೆಗಳ ಬಾಗಿಲಿಗಿಂತ ಎತ್ತರ. ಅದನ್ನು ಗೋಡೆಯ ಮೇಲೆ ಏರಿಸಿದಾಗ ಅರಸನ ಪಾದಗಳು ನೋಡುವವನ ಎದೆಗೋ ಕಣ್ಣಿಗೋ ಹತ್ತಿರ ಬರುತ್ತವೆ, ಅವನ ಮುಖ ನೋಡಲು ಕತ್ತು ಎತ್ತಬೇಕಾಗುತ್ತದೆ. ಅಚ್ಚಾದ ಪುಸ್ತಕವಾಗಲಿ ಕೈಯಲ್ಲಿರುವ ಫೋನಾಗಲಿ ಈ ಚಿತ್ರದಿಂದ ಕಿತ್ತುಕೊಳ್ಳುವುದು ಬಣ್ಣವನ್ನಲ್ಲ. ಒಳ್ಳೆಯ ಅಚ್ಚಿನಲ್ಲಿ ಬಣ್ಣ ಹೆಚ್ಚುಕಡಿಮೆ ಉಳಿದುಕೊಳ್ಳುತ್ತದೆ, ಆದರೆ ನಾವು ಎಲ್ಲಿ ನಿಂತಿದ್ದೇವೆ ಎಂಬುದು ಕಳೆದುಹೋಗುತ್ತದೆ. ಈ ಸಂಜೆ ನಾನು ಹೇಳಬೇಕೆಂದಿರುವ ಮಾತು ಮುಖ್ಯವಾಗಿ ಇದೊಂದೇ: ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಯುರೋಪಿನ ಆಸ್ಥಾನ ಚಿತ್ರಕಾರ ಅರಸನನ್ನು ಬರೆಯುವುದಕ್ಕೆ ಮೊದಲೇ ನೋಡುವವನಿಗೆ ಒಂದು ಜಾಗ ಗೊತ್ತುಮಾಡುತ್ತಿದ್ದ, ಮತ್ತು ಆ ಜಾಗ ಬದಲಾಗುತ್ತ ಹೋದದ್ದೇ ಬರೋಕ್‌ನಿಂದ ರೊಕೊಕೊವರೆಗಿನ, ಒಂದರ ಹಿಂದೆ ಒಂದು ಬಂದ ಈ ಎರಡು ಕಲಾಶೈಲಿಗಳ ಕಥೆಯ ತಿರುಳು.

ಚಿತ್ರವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಪಟ್ಟಾಭಿಷೇಕದ ನಿಲುವಂಗಿಯ ಹೊರಮೈ ನೀಲಿ, ಅದರ ತುಂಬ ಬಂಗಾರದ ಲಿಲ್ಲಿ ಹೂಗಳು, ಒಳಮೈಗೆ ಬಿಳಿ ತುಪ್ಪಳ. ಆ ಭಾರವಾದ ಬಟ್ಟೆಯನ್ನು ಹೆಗಲ ಮೇಲೆ ಎತ್ತಿ ಹಿಂದಕ್ಕೆ ಒಗೆದಿರುವುದರಿಂದ ಬಿಳಿ ರೇಷ್ಮೆಯ ಕಾಲುಚೀಲ ತೊಟ್ಟ ಕಾಲುಗಳು ತೊಡೆಯವರೆಗೆ ಕಾಣುತ್ತವೆ. ಪಾದರಕ್ಷೆಯ ಹಿಮ್ಮಡಿ ಕೆಂಪು. ಮುಖ ಅರವತ್ತು ದಾಟಿದವನದು. ಮೇಲಿನ ಹಲ್ಲುಗಳು ಉದುರಿಹೋಗಿ ಕೆನ್ನೆ ಒಳಗೆ ಸರಿದಿರುವುದನ್ನು ರಿಗೋ ಮರೆಮಾಚಿಲ್ಲ. ಕಾಲುಗಳು ಮಾತ್ರ ನರ್ತಕನವು. 1653ರಲ್ಲಿ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಇದೇ ಲೂಯಿ ರಾತ್ರಿಯ ಬ್ಯಾಲೆಯೊಂದರಲ್ಲಿ ಉದಯಿಸುವ ಸೂರ್ಯನ ವೇಷ ಹಾಕಿ ಕುಣಿದಿದ್ದ. ಚಿತ್ರ ಬರೆಯುವ ಹೊತ್ತಿಗೆ ಅವನನ್ನು ಕೀಲುವಾಯು ಕಾಡುತ್ತಿತ್ತು. ವಯಸ್ಸಾದ ಮುಖವೂ ವಯಸ್ಸಾಗದ ಕಾಲೂ ಒಂದೇ ದೇಹದಲ್ಲಿ ಸೇರಿರುವುದನ್ನು ಸುಳ್ಳು ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮುಖ ಸಾಯುವ ಮನುಷ್ಯನದು, ಕಾಲು ಸಾಯದ ಪದವಿಯದು. ರಾಜದಂಡವನ್ನು ಅವನು ತಲೆಕೆಳಗಾಗಿ ಊರುಗೋಲಿನ ಹಾಗೆ ಊರಿ ನಿಂತಿದ್ದಾನೆ, ಕಿರೀಟ ಪಕ್ಕದ ದಿಂಬಿನ ಮೇಲೆ ನೆರಳಲ್ಲಿದೆ. ಇವನಿಗೆ ಅವುಗಳನ್ನು ಎತ್ತಿ ತೋರಿಸುವ ಅಗತ್ಯವಿಲ್ಲ.

ಈ ಚಿತ್ರವನ್ನು ಬರೆಸಿದ್ದು ಸ್ಪೇನಿನ ಸಿಂಹಾಸನ ಏರಿದ ಮೊಮ್ಮಗ ಐದನೆಯ ಫಿಲಿಪ್‌ಗೆ ಕಳಿಸಲೆಂದು. ಮುಗಿದ ಮೇಲೆ ಲೂಯಿಗೆ ಅದು ಎಷ್ಟು ಹಿಡಿಸಿತೆಂದರೆ ಮೂಲವನ್ನು ತಾನೇ ಇಟ್ಟುಕೊಂಡ. ಕೆಲಸ ನಡೆಯುತ್ತಿದ್ದ ಬಗೆಯೂ ತಿಳಿಯಬೇಕಾದದ್ದೇ. ಅರಸ ಗಂಟೆಗಟ್ಟಲೆ ಆ ಭಾರ ಹೊತ್ತು ನಿಲ್ಲುತ್ತಿರಲಿಲ್ಲ. ರಿಗೋ ಅರಸನನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದು ಮುಖವನ್ನು, ಅದೂ ಬೇರೊಂದು ಚಿಕ್ಕ ಕ್ಯಾನ್ವಾಸಿನ ಮೇಲೆ. ಆಮೇಲೆ ಅದನ್ನು ದೊಡ್ಡ ಚಿತ್ರದಲ್ಲಿ ಕೂರಿಸಲಾಯಿತು. ಅವನ ಕೆಲಸದ ಮನೆಯಲ್ಲಿ ಬಟ್ಟೆ ಬರೆಯುವವರು, ಹಿನ್ನೆಲೆ ಬರೆಯುವವರು, ಪ್ರತಿ ತೆಗೆಯುವವರು ಬೇರೆಬೇರೆ ಇದ್ದರು, ಯಾರಿಗೆ ಎಷ್ಟು ಸಂದಾಯವಾಯಿತೆಂಬ ಲೆಕ್ಕವನ್ನು ಅವನು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಅಲ್ಲಿಂದ ಹೊರಟ ಪ್ರತಿಗಳು ಅರಸ ಎಂದೂ ಕಾಲಿಡದ ಊರುಗಳಲ್ಲಿ ಅವನ ಪರವಾಗಿ ನಿಂತವು.

ಎರಡು ಹೆಸರುಗಳ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬರೋಕ್ ಎಂಬ ಮಾತು ಆಕಾರಗೆಟ್ಟ ಮುತ್ತಿಗೆ ಪೋರ್ಚುಗೀಸರು ಹೇಳುತ್ತಿದ್ದ ಪದದಿಂದ ಬಂದದ್ದೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ರೊಕೊಕೊದ ಮೂಲದಲ್ಲಿರುವುದು ರೊಕಾಯ್, ಅಂದರೆ ತೋಟದ ಕೃತಕ ಗುಹೆಗಳಿಗೆ ಅಂಟಿಸುತ್ತಿದ್ದ ಚಿಪ್ಪು ಮತ್ತು ಹರಳುಕಲ್ಲಿನ ಅಲಂಕಾರ. ಎರಡೂ ಮುಂದಿನ ತಲೆಮಾರು ಹಿಂದಿನವರನ್ನು ಹಳಿಯಲು ಹಚ್ಚಿದ ಹೆಸರುಗಳು. ಮುಂದೆ ನಾವು ನೋಡಲಿರುವ ಚಿತ್ರಕಾರರಾದ ವೆಲಾಸ್ಕೆಸ್ ಆಗಲಿ ಬೂಶೆ ಆಗಲಿ ತಮ್ಮನ್ನು ಹಾಗೆ ಕರೆದುಕೊಂಡವರಲ್ಲ.

ಈಗ ಹಿಂದಕ್ಕೆ, 1622ಕ್ಕೆ ಹೋಗೋಣ. ಕೊಲೆಯಾದ ದೊರೆ ನಾಲ್ಕನೆಯ ಆನ್ರಿಯ ವಿಧವೆ ಮರಿ ದ ಮೆದೀಚಿ ಪ್ಯಾರಿಸ್ಸಿನಲ್ಲಿ ಕಟ್ಟಿಸುತ್ತಿದ್ದ ಲುಕ್ಸೆಂಬೂರ್ ಅರಮನೆಗೆ ತನ್ನ ಬದುಕಿನ ಕಥೆ ಹೇಳುವ ಚಿತ್ರಗಳು ಬೇಕೆಂದು ಆಂಟ್‌ವರ್ಪಿನ ರೂಬೆನ್ಸ್‌ನನ್ನು ಕರೆಸಿದಳು. ಅದು ಸುಲಭದ ಕೆಲಸವಾಗಿರಲಿಲ್ಲ. ಅವಳ ಬದುಕಿನಲ್ಲಿ ಗೆದ್ದ ಯುದ್ಧಗಳಿರಲಿಲ್ಲ. ಸ್ವಂತ ಮಗನೇ ಅವಳನ್ನು ಆಸ್ಥಾನದಿಂದ ಹೊರಗೆ ಹಾಕಿದ್ದ, ಆಮೇಲೆ ರಾಜಿಯಾಗಿತ್ತು. ಆ ಮಗ ಈಗ ಪಟ್ಟದಲ್ಲಿದ್ದವನು, ಚಿತ್ರಗಳನ್ನು ನೋಡಲು ಬರುವವನು. ಮೂರು ವರ್ಷಗಳಲ್ಲಿ ರೂಬೆನ್ಸ್ 24 ಚಿತ್ರಗಳನ್ನು ಮುಗಿಸಿಕೊಟ್ಟ. ಅವಳು ಮಾರ್ಸೇಲ್ ಬಂದರಿನಲ್ಲಿ ಇಳಿಯುವ ಚಿತ್ರವನ್ನು ನೋಡಿ. ನಡೆದದ್ದು ಇಷ್ಟೆ: ಇಟಲಿಯಿಂದ ಬಂದ ಮದುವಣಗಿತ್ತಿ ಹಡಗಿನಿಂದ ದಡಕ್ಕೆ ಇಳಿದಳು. ರೂಬೆನ್ಸ್ ಅವಳನ್ನು ನಾಲ್ಕು ಮೀಟರ್ ಎತ್ತರದ ಕ್ಯಾನ್ವಾಸಿನ ಮೇಲ್ಭಾಗದಲ್ಲಿ ಹಲಗೆಯೊಂದರ ಮೇಲೆ ನಿಲ್ಲಿಸುತ್ತಾನೆ. ಲಿಲ್ಲಿ ಹೂಗಳ ನೀಲಿ ನಿಲುವಂಗಿ ಹೊದ್ದ ಫ್ರಾನ್ಸ್ ದೇಶವೇ ತೋಳು ಚಾಚಿ ಸ್ವಾಗತಿಸುತ್ತದೆ. ಕೆಳಗೆ, ನಮ್ಮ ಕಣ್ಣಿನ ಮಟ್ಟದಲ್ಲಿ, ಹಡಗನ್ನು ಹಗ್ಗ ಹಿಡಿದು ಕಟ್ಟುತ್ತಿರುವ ಕಡಲ ಕನ್ಯೆಯರ ಒದ್ದೆ ಬೆನ್ನುಗಳು. ಹೀಗೆ ನೋಡುವವನ ಜಾಗ ನೀರಿನಲ್ಲಿದೆ. ರಾಣಿಯ ಮುಖ ತಲುಪಬೇಕಾದರೆ ಕಣ್ಣು ಆ ಮಾಂಸಲ ದೇಹಗಳನ್ನೆಲ್ಲ ಹತ್ತಿಕೊಂಡು ಹೋಗಬೇಕು. ಹೇಳಿಕೊಳ್ಳುವಂಥ ಘಟನೆ ಇಲ್ಲದಾಗ ಎತ್ತರ ಘಟನೆಯ ಕೆಲಸ ಮಾಡುತ್ತದೆ.

ರೂಬೆನ್ಸ್ ರಾಯಭಾರಿಯೂ ಆಗಿದ್ದವನು. ಸ್ಪೇನ್ ಮತ್ತು ಇಂಗ್ಲೆಂಡಿನ ನಡುವೆ ಸಂಧಾನಕ್ಕೆ ಓಡಾಡಿದ ಅವನಿಗೆ ಇಂಗ್ಲೆಂಡಿನ ಮೊದಲನೆಯ ಚಾರ್ಲ್ಸ್ ನೈಟ್ ಪದವಿ ಕೊಟ್ಟ. ಲಂಡನ್ನಿನ ವೈಟ್‌ಹಾಲ್ ಅರಮನೆಯ ಔತಣಶಾಲೆಯ ಛಾವಣಿಗೆ ಚಿತ್ರಗಳನ್ನೂ ಬರೆಸಿದ. ತಂದೆ ಜೇಮ್ಸ್ ಸ್ವರ್ಗಕ್ಕೆ ಏರುತ್ತಿರುವ ಆ ಚಿತ್ರಗಳು 1636ರಲ್ಲಿ ಛಾವಣಿಗೆ ಏರಿದವು. ದೀಪದ ಹೊಗೆ ತಾಗಿ ಹಾಳಾದಾವೆಂದು ಅಲ್ಲಿ ರಾತ್ರಿಯ ನಾಟಕಗಳನ್ನು ನಿಲ್ಲಿಸಿದರು. ಅರಸನ ಅಧಿಕಾರ ದೇವರು ಕೊಟ್ಟದ್ದು ಎಂದು ಸಾರುವ ಈ ಛಾವಣಿಯ ಕೆಳಗೆ ಓಲಗಕ್ಕೆ ಬಂದವರೆಲ್ಲ ತಲೆ ಎತ್ತಿಯೇ ನಿಲ್ಲಬೇಕಿತ್ತು. 1649ರ ಜನವರಿ 30ರಂದು ಚಾರ್ಲ್ಸ್ ಅದೇ ಶಾಲೆಯನ್ನು ಹಾದು, ಹೊರಗೆ ಕಟ್ಟಿದ್ದ ವಧಾವೇದಿಕೆಗೆ ಹೋದ. ಆ ಹೊತ್ತಿನಲ್ಲಿ ಅವನು ತಲೆ ಎತ್ತಿ ನೋಡಿದನೋ ಇಲ್ಲವೋ, ಆ ಛಾವಣಿ ಅಲ್ಲೇ ಇತ್ತು, ಇಂದಿಗೂ ಇದೆ.

ಚಾರ್ಲ್ಸ್ ಎತ್ತರದ ಆಳಲ್ಲ. ಅವನನ್ನು ನಮ್ಮ ಕಲ್ಪನೆಯಲ್ಲಿ ನೀಳವಾಗಿ ನಿಲ್ಲಿಸಿದವನು ರೂಬೆನ್ಸ್‌ನ ಕೆಲಸದ ಮನೆಯಲ್ಲಿ ಪಳಗಿ 1632ರಲ್ಲಿ ಲಂಡನ್ನಿಗೆ ಬಂದ ವ್ಯಾನ್ ಡೈಕ್. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯ ಲೂವ್ರ್‌ನಲ್ಲಿರುವ ಬೇಟೆಯ ಚಿತ್ರದಲ್ಲಿ ಅರಸ ಕುದುರೆಯಿಂದ ಇಳಿದು ನೆಲದ ಮೇಲೆ ನಿಂತಿದ್ದಾನೆ. ಕಿರೀಟವಿಲ್ಲ, ಅಗಲ ಅಂಚಿನ ಟೊಪ್ಪಿಗೆ ಇದೆ. ಒಂದು ಕೈ ಸೊಂಟದ ಮೇಲೆ, ಮೊಣಕೈ ನಮ್ಮ ಕಡೆಗೆ ಚಾಚಿದೆ. ಕುದುರೆಯ ಪಕ್ಕದಲ್ಲಿ ನಿಂತ ಮನುಷ್ಯ ಸಹಜವಾಗಿ ಚಿಕ್ಕವನಾಗಿ ಕಾಣಬೇಕಲ್ಲವೆ? ವ್ಯಾನ್ ಡೈಕ್ ಕುದುರೆಯ ಕತ್ತನ್ನು ಕೆಳಕ್ಕೆ ಬಾಗಿಸಿ ಅದನ್ನು ಊಳಿಗದ ಆಳುಗಳ ಜೊತೆ ನೆರಳಿಗೆ ಸೇರಿಸಿಬಿಟ್ಟ, ನೋಡುವವನ ಕಣ್ಣನ್ನು ಅರಸನ ಸೊಂಟದ ಮಟ್ಟಕ್ಕೆ ಇಳಿಸಿದ. ಠೀವಿ ಎಂಬುದನ್ನು ಇಷ್ಟು ಸದ್ದಿಲ್ಲದೆ ಸಾಧಿಸಿದ ಚಿತ್ರ ಇನ್ನೊಂದನ್ನು ನಾನು ಕಂಡಿಲ್ಲ.

ಸ್ಪೇನಿನ ವೆಲಾಸ್ಕೆಸ್‌ನ ಹತ್ತಿರ ಬಂದಾಗ ನಾನು ನಿಧಾನಿಸುತ್ತೇನೆ, ನೀವು ಸೈರಿಸಿಕೊಳ್ಳಬೇಕು. ಸೆವಿಲ್ಲಾ ಊರಿನ ಈತ 1623ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ನಾಲ್ಕನೆಯ ಫಿಲಿಪ್‌ನ ಆಸ್ಥಾನ ಸೇರಿ ಸಾಯುವತನಕ, ಮೂವತ್ತೇಳು ವರ್ಷ, ಅದೇ ಅರಸನ ಮುಖವನ್ನು ಬರೆಯುತ್ತ ಬಂದ. ಅದೇ ವರ್ಷ ಫಿಲಿಪ್ ದುಂದುವೆಚ್ಚ ತಡೆಯುವ ಕಾನೂನು ತಂದು, ಗಂಜಿ ಹಾಕಿದ ದೊಡ್ಡ ನಿರಿಗೆಗಳ ಕತ್ತುಪಟ್ಟಿಯನ್ನು ನಿಷೇಧಿಸಿ, ಗೋಲಿಯಾ ಎಂಬ ಸರಳವಾದ ಗಟ್ಟಿ ಪಟ್ಟಿಯನ್ನು ತಾನೂ ತೊಟ್ಟ. ಆ ಪಟ್ಟಿಯ ಮೇಲೆ ತಲೆ ತಟ್ಟೆಯಲ್ಲಿಟ್ಟಂತೆ ಕೂರುತ್ತದೆ, ಅತ್ತಿತ್ತ ಹೊರಳಿಸಲು ಆಗುವುದಿಲ್ಲ. ಸ್ಪೇನಿನ ಅರಸರ ಅಲುಗದ ಮುಖಭಾವದಲ್ಲಿ ಈ ಪಟ್ಟಿಯ ಪಾಲೂ ಇದೆ ಎಂದು ನನಗೆ ತೋರುತ್ತದೆ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, 1630ರ ದಶಕದ ಆರಂಭದಲ್ಲಿ ಬರೆದ ಫಿಲಿಪ್‌ನ ಚಿತ್ರದಲ್ಲಿ ಕಂದು ಬಟ್ಟೆಯ ಮೇಲೆ ಬೆಳ್ಳಿಯ ಜರತಾರಿ ಕಸೂತಿ ಇದೆ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಒಂದೊಂದು ಎಳೆಯೂ ಮಿನುಗುತ್ತದೆ. ಒಂದು ಮೊಳದ ಹತ್ತಿರಕ್ಕೆ ಹೋದರೆ ಅಲ್ಲಿ ಎಳೆಯೇ ಇಲ್ಲ: ಬೂದು ಬಿಳಿಯ ತುಂಡು ಗೀಟುಗಳು, ಚುಕ್ಕೆಗಳು, ಅಲ್ಲಲ್ಲಿ ಕುಂಚ ಅಲುಗಿಸಿ ಬಿಟ್ಟ ಗುರುತುಗಳು, ಒಂದು ಇನ್ನೊಂದನ್ನು ಮುಟ್ಟುವುದೂ ಇಲ್ಲ. ಹಿಂದೆ ಸರಿದರೆ ಮತ್ತೆ ಕಸೂತಿ. ಇಲ್ಲಿ ನೋಡುವವನ ಜಾಗವನ್ನು ಗೊತ್ತುಮಾಡಿದ್ದು ಸಿಂಹಾಸನದ ಮೆಟ್ಟಿಲಲ್ಲ, ಕುಂಚದ ಗೀಟು. ಎಲ್ಲಿ ನಿಂತರೆ ಬಣ್ಣ ಬಟ್ಟೆಯಾಗುತ್ತದೋ ಅಲ್ಲಿ ನೀವೇ ಹುಡುಕಿಕೊಂಡು ಹೋಗಿ ನಿಲ್ಲುತ್ತೀರಿ.

ಅದೇ ಕುಂಚ ಅರಮನೆಯ ಕುಬ್ಜರನ್ನೂ ಬರೆಯಿತು. ಆಸ್ಥಾನದಲ್ಲಿ ವಿನೋದಕ್ಕೆಂದು ಇಟ್ಟುಕೊಳ್ಳುತ್ತಿದ್ದ ಇವರಲ್ಲಿ ಸೆಬಾಸ್ಟಿಯಾನ್ ದ ಮೊರ್ರಾ ಎಂಬವನ ಚಿತ್ರ ಪ್ರಾಡೋ ವಸ್ತುಸಂಗ್ರಹಾಲಯದಲ್ಲಿದೆ. ಅವನು ನೆಲದ ಮೇಲೆ ಕುಳಿತಿದ್ದಾನೆ, ಚಿಕ್ಕ ಕಾಲುಗಳ ಅಂಗಾಲು ನಮ್ಮ ಕಡೆಗೆ ಚಾಚಿವೆ, ಬಿಗಿದ ಮುಷ್ಟಿಗಳು ಸೊಂಟಕ್ಕೆ ಒತ್ತಿವೆ. ವೆಲಾಸ್ಕೆಸ್ ಅವನನ್ನು ಮೇಲಿನಿಂದ ನೋಡಿ ಬರೆಯಲಿಲ್ಲ. ನಮ್ಮ ಕಣ್ಣನ್ನು ಅವನ ಕಣ್ಣಿನ ಮಟ್ಟಕ್ಕೆ ತಂದ, ನೆಲಕ್ಕೆ ಕೂರಿಸಿದ. ಆ ನೋಟವನ್ನು ಎದುರಿಸಿದವರಿಗೆ ಯಾರು ಯಾರ ವಿನೋದಕ್ಕೆ ಎಂಬ ಪ್ರಶ್ನೆ ಎದೆಗೆ ನಾಟದೆ ಇರುವುದಿಲ್ಲ.

ಈಗ ವೆಲಾಸ್ಕೆಸ್ ಬರೆದ ‘ಲಾಸ್ ಮೆನಿನಾಸ್’, ಎಂದರೆ ‘ಸಖಿಯರು’. 1656ರಲ್ಲಿ ಬರೆದದ್ದು, ಮೂರು ಮೀಟರಿಗೂ ಮಿಕ್ಕ ಎತ್ತರ. ನಡುವೆ ಐದು ವರ್ಷದ ರಾಜಕುಮಾರಿ ಮಾರ್ಗರೀತಾ. ಸಖಿಯೊಬ್ಬಳು ಮೊಣಕಾಲೂರಿ ತಟ್ಟೆಯ ಮೇಲೆ ಕೆಂಪು ಮಣ್ಣಿನ ಪುಟ್ಟ ಕುಡಿಕೆ ನೀಡುತ್ತಿದ್ದಾಳೆ. ಬಲಗಡೆ ಅರಮನೆಯ ಕುಬ್ಜರಾದ ಮಾರಿಬಾರ್ಬೊಲಾ ಮತ್ತು ನಿದ್ದೆಗಣ್ಣಿನ ನಾಯಿಯ ಮೇಲೆ ಕಾಲಿಟ್ಟ ನಿಕೊಲಾಸಿತೊ. ಹಿಂದೆ ತೆರೆದ ಬಾಗಿಲಿನ ಮೆಟ್ಟಿಲ ಮೇಲೆ ಒಬ್ಬ ಅಧಿಕಾರಿ. ಎಡಗಡೆ, ಬೆನ್ನು ಮಾತ್ರ ಕಾಣುವ ದೊಡ್ಡ ಕ್ಯಾನ್ವಾಸಿನ ಹಿಂದಿನಿಂದ ಚಿತ್ರಕಾರನೇ ಇಣುಕುತ್ತಿದ್ದಾನೆ. ಗೋಡೆಯ ಕನ್ನಡಿಯಲ್ಲಿ ಅರಸ ಮತ್ತು ರಾಣಿ ಮಸುಕಾಗಿ ಕಾಣುತ್ತಾರೆ. ಕನ್ನಡಿಯಲ್ಲಿ ಅವರು ಕಾಣಬೇಕಾದರೆ ಅವರು ಎಲ್ಲಿ ನಿಂತಿರಬೇಕು? ನಾವು ನಿಂತಿರುವಲ್ಲಿ. ಈ ಚಿತ್ರದ ಬಗ್ಗೆ ವಿದ್ವಾಂಸರು ಬರೆದದ್ದಕ್ಕೆ ಲೆಕ್ಕವಿಲ್ಲ, ಕನ್ನಡಿಯಲ್ಲಿರುವುದು ಅರಸನ ಬಿಂಬವೋ ಕ್ಯಾನ್ವಾಸಿನ ಬಿಂಬವೋ ಎಂಬ ಚರ್ಚೆ ಮುಗಿದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ. ಈ ಚಿತ್ರ ಓಲಗಶಾಲೆಯಲ್ಲಿರಲಿಲ್ಲ. ಮ್ಯಾಡ್ರಿಡ್ ಅರಮನೆಯ ಬೇಸಗೆಯ ಭಾಗದಲ್ಲಿ ಅರಸ ಕೆಲಸ ಮಾಡುವ ಕೋಣೆಯಲ್ಲಿತ್ತು. ಅದರ ಮುಂದೆ ಹೆಚ್ಚಾಗಿ ನಿಲ್ಲುತ್ತಿದ್ದವನು ಫಿಲಿಪ್ ಒಬ್ಬನೇ. ಅಂದರೆ ಅವನು ತಾನು ನಿಲ್ಲುವ ಜಾಗದಲ್ಲೇ ನಿಂತು, ತಾನು ಒಳಗೆ ಬಂದಾಗ ಆ ಕೋಣೆ ಹೇಗೆ ಒಂದು ಕ್ಷಣ ಸ್ತಬ್ಧವಾಗುತ್ತದೆ ಎಂಬುದನ್ನು ನೋಡುತ್ತಿದ್ದ. ಇಂದು ಪ್ರಾಡೋದಲ್ಲಿ ಟಿಕೆಟ್ ಕೊಂಡು ಹೋದ ಯಾರೂ ಆ ಜಾಗದಲ್ಲಿ ನಿಲ್ಲಬಹುದು.

ಚಿತ್ರಕಾರನ ಎದೆಯ ಮೇಲಿನ ಕೆಂಪು ಶಿಲುಬೆಯನ್ನು ಗಮನಿಸಿ. ಅದು ಸ್ಯಾಂಟಿಯಾಗೊ ಗೌರವದಳದ ಚಿಹ್ನೆ. ಕೈಕೆಲಸದಿಂದ ಹೊಟ್ಟೆ ಹೊರೆಯುವವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ವೆಲಾಸ್ಕೆಸ್ ಅಂಗಡಿ ಇಟ್ಟು ಚಿತ್ರ ಮಾರಿದವನಲ್ಲ, ಅರಸನ ಸಂತೋಷಕ್ಕಾಗಿ ಬರೆದವನು ಎಂದು ನೂರಕ್ಕೂ ಹೆಚ್ಚು ಜನ ಸಾಕ್ಷಿ ನುಡಿಯಬೇಕಾಯಿತು. ಗೌರವ ದೊರೆತದ್ದು 1659ರ ನವೆಂಬರಿನಲ್ಲಿ, ಆದ್ದರಿಂದ ಶಿಲುಬೆ ಚಿತ್ರಕ್ಕೆ ಆಮೇಲೆ ಸೇರಿದ್ದು. ಅರಮನೆಯ ಬಿಡಾರಗಳ ಮೇಲ್ವಿಚಾರಣೆಯೂ ಅವನದೇ. ಮರುವರ್ಷ ರಾಜಕುಮಾರಿ ಮರಿಯಾ ತೆರೇಸಾಳನ್ನು ಲೂಯಿಗೆ ಒಪ್ಪಿಸುವ ಸಮಾರಂಭಕ್ಕೆ ಫ್ರಾನ್ಸಿನ ಗಡಿಯ ಹೊಳೆಯ ನಡುಗಡ್ಡೆಯಲ್ಲಿ ಮಂಟಪ ಸಜ್ಜುಗೊಳಿಸುವ ಓಡಾಟ ಅವನ ಪಾಲಿಗೆ ಬಂತು, ಹಿಂದಿರುಗಿ ಬಂದ ಸ್ವಲ್ಪದರಲ್ಲೇ ಜ್ವರ ಹಿಡಿದು 1660ರ ಆಗಸ್ಟ್ 6ರಂದು ತೀರಿಕೊಂಡ. ಅಷ್ಟೊಂದು ವರ್ಷ ಬಿಡಾರದ ಲೆಕ್ಕಪತ್ರಕ್ಕೆ ಹೋದವಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಆ ಪುಟ್ಟ ಮಾರ್ಗರೀತಾಳ ಕಥೆಯನ್ನೂ ಹೇಳಿಬಿಡುತ್ತೇನೆ. ಎಳೆಯ ವಯಸ್ಸಿನಲ್ಲೇ ಅವಳನ್ನು ವಿಯೆನ್ನಾದ ದೊರೆಮನೆಯ ಲಿಯೊಪೋಲ್ಡ್‌ಗೆ ಕೊಡುವುದೆಂಬ ಮಾತುಕತೆ ನಡೆದಿತ್ತು. ಅವನು ಅವಳ ತಾಯಿಯ ತಮ್ಮ, ಸೋದರಮಾವ. ಈ ಸಂಬಂಧ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ಹುಡುಗಿ ಬೆಳೆಯುತ್ತಿದ್ದಂತೆ ಅವಳ ಚಿತ್ರಗಳು ವಿಯೆನ್ನಾಕ್ಕೆ ಹೋದವು: ಗುಲಾಬಿ ಉಡುಪಿನಲ್ಲಿ ಎರಡು ಮೂರು ವರ್ಷದ ಮಗು, ಬಿಳಿ ಉಡುಪಿನಲ್ಲಿ ಐದರ ಹುಡುಗಿ, ನೀಲಿ ಉಡುಪಿನಲ್ಲಿ ಎಂಟರವಳು. ಮೂರೂ ಅದೇ ಊರಿನ ವಸ್ತುಸಂಗ್ರಹಾಲಯದಲ್ಲಿವೆ. ಮದುವೆಗೆ ಮುಂಚೆ ಹೆಣ್ಣಿನ ಫೋಟೊ ಕಳಿಸುವ ವಾಡಿಕೆ ನಮ್ಮಲ್ಲೂ ಇತ್ತು, ಆದರೆ ಆ ಫೋಟೊ ತೆಗೆಯುವವನು ವೆಲಾಸ್ಕೆಸ್ ಆಗಿರುತ್ತಿರಲಿಲ್ಲ. ನೀಲಿ ಉಡುಪಿನ ಚಿತ್ರದಲ್ಲಿ ಅಗಲವಾದ ಲಂಗದ ಮೇಲೆ ಬೆಳ್ಳಿಯ ಪಟ್ಟಿಗಳು ಹೊಳೆಯುತ್ತವೆ. ಮಗುವಿನ ಮುಖದಲ್ಲಿ ದಣಿವಿದೆ. 1666ರಲ್ಲಿ ಮದುವೆಯಾಯಿತು. 1673ರಲ್ಲಿ, ಇಪ್ಪತ್ತೊಂದು ವರ್ಷಕ್ಕೆ, ಅವಳು ತೀರಿಕೊಂಡಳು.

ಇನ್ನು ಎರಡನೆಯ ಭಾಗ. 1715ರ ಸೆಪ್ಟೆಂಬರ್ 1ರಂದು ಹದಿನಾಲ್ಕನೆಯ ಲೂಯಿ ಸತ್ತ. ಪಟ್ಟಕ್ಕೆ ಬಂದ ಮರಿಮಗ ಐದು ವರ್ಷದವನು. ಆಡಳಿತ ವಹಿಸಿಕೊಂಡ ಒರ್ಲಿಯಾನ್ಸಿನ ಫಿಲಿಪ್ ಆಸ್ಥಾನವನ್ನು ಪ್ಯಾರಿಸ್ಸಿನ ಹೊರಗಿನ ಅರಮನೆ ವರ್ಸೈಲ್ಸ್‌ನಿಂದ ಪ್ಯಾರಿಸ್ಸಿಗೆ ತಂದ, ಅದು ಹಿಂದಿರುಗಿದ್ದು 1722ರಲ್ಲಿ. ಆ ಏಳು ವರ್ಷಗಳಲ್ಲಿ ಶ್ರೀಮಂತರು ಊರೊಳಗಿನ ತಮ್ಮ ಮನೆಗಳಲ್ಲಿ ನೆಲೆಯೂರಿದರು. ಅಲ್ಲಿನ ಕೋಣೆಗಳು ಚಿಕ್ಕವು, ಮೂಲೆಗಳು ದುಂಡು, ಗೋಡೆಯಲ್ಲಿ ಕನ್ನಡಿ, ಬಾಗಿಲ ಮೇಲಿನ ಜಾಗಕ್ಕೆ ಒಂದು ಚಿತ್ರ. ನಾಲ್ಕು ಮೀಟರಿನ ಕ್ಯಾನ್ವಾಸಿಗೆ ಅಲ್ಲಿ ಗೋಡೆಯೇ ಇಲ್ಲ.

ಈ ತಿರುವನ್ನು ಒಂದೇ ಚಿತ್ರದಲ್ಲಿ ಕಾಣಬೇಕಾದರೆ ವಾಟೋ ಬರೆದ ಅಂಗಡಿಯ ಫಲಕವನ್ನು ನೋಡಬೇಕು. ಕ್ಷಯದಿಂದ ಬಳಲುತ್ತಿದ್ದ ವಾಟೋ 1720ರ ಸುಮಾರಿಗೆ, ಪ್ಯಾರಿಸ್ಸಿನ ಸೇತುವೆಯೊಂದರ ಮೇಲೆ ಚಿತ್ರಗಳನ್ನು ಮಾರುತ್ತಿದ್ದ ಗೆಳೆಯ ಜೆರ್ಸೆಂಗೆ ಅಂಗಡಿಯ ಮುಂದೆ ತೂಗುಹಾಕಲು ಇದನ್ನು ಬರೆದುಕೊಟ್ಟ. ಎಂಟು ದಿನಗಳಲ್ಲಿ, ಬೆಳಗಿನ ಹೊತ್ತು ಮಾತ್ರ ಕೆಲಸ ಮಾಡಿ ಮುಗಿಸಿದನೆಂದು ಜೆರ್ಸೆಂ ಬರೆದಿಟ್ಟಿದ್ದಾನೆ. ಅಂಗಡಿಯ ಹೆಸರು ‘ಮಹಾ ಅರಸನ ಬಳಿ’ ಎಂಬ ಅರ್ಥದ್ದು. ಮುಂದೆ ಕಲ್ಲು ಹಾಸಿದ ಬೀದಿ. ನಾವು ಆ ಬೀದಿಯಲ್ಲಿದ್ದೇವೆ. ಗುಲಾಬಿ ರೇಷ್ಮೆಯ ಹೆಂಗಸೊಬ್ಬಳು ನಮಗೆ ಬೆನ್ನು ಮಾಡಿ ಒಳಕ್ಕೆ ಹೆಜ್ಜೆ ಇಡುತ್ತಿದ್ದಾಳೆ, ಒಬ್ಬ ಗಂಡಸು ಅವಳಿಗೆ ಕೈ ನೀಡುತ್ತಿದ್ದಾನೆ. ಅವಳ ಕಣ್ಣು ಎಡಗಡೆಗೆ ಹೊರಳಿದೆ. ಅಲ್ಲಿ ಅಂಗಡಿಯ ಆಳುಗಳು ಒಂದು ಚಿತ್ರವನ್ನು ಮರದ ಪೆಟ್ಟಿಗೆಯೊಳಕ್ಕೆ ಇಳಿಸುತ್ತಿದ್ದಾರೆ. ಅದು ಹದಿನಾಲ್ಕನೆಯ ಲೂಯಿಯ ಚಿತ್ರ. ಕಣ್ಣಿನ ಮಟ್ಟಕ್ಕಿಂತ ಮೇಲೆ ಇರಲೆಂದೇ ಹುಟ್ಟಿದ ಆ ಮುಖ ಈಗ ಮೊಣಕಾಲಿನ ಮಟ್ಟದಲ್ಲಿದೆ. ವಾಟೋ ಇದರಲ್ಲಿ ದ್ವೇಷವನ್ನಾಗಲಿ ಗೆಲುವನ್ನಾಗಲಿ ಇಟ್ಟಿಲ್ಲ, ಹೆಂಗಸಿನ ಆ ಒಂದು ನೋಟವನ್ನಷ್ಟೇ ಇಟ್ಟಿದ್ದಾನೆ. 1721ರ ಜುಲೈಯಲ್ಲಿ ಮೂವತ್ತಾರನೆಯ ವಯಸ್ಸಿಗೆ ಅವನು ಸತ್ತ. ಮುಂದೆ ಪ್ರಷ್ಯಾದ ದೊರೆ ಫ್ರೆಡರಿಕ್ ಈ ಫಲಕವನ್ನು ಕೊಂಡ, ಈಗಲೂ ಅದು ಬರ್ಲಿನ್ನಿನ ಶಾರ್ಲೊಟೆನ್‌ಬರ್ಗ್ ಅರಮನೆಯಲ್ಲಿದೆ.

ರೊಕೊಕೊ ಚಿತ್ರಕಾರ ನೋಡುವವನನ್ನು ಕೋಣೆಯ ಒಳಗೆ ಬರಮಾಡಿಕೊಳ್ಳುತ್ತಾನೆ. ಹದಿನೈದನೆಯ ಲೂಯಿಯ ಪ್ರೇಯಸಿಯಾಗಿ 1745ರಲ್ಲಿ ಆಸ್ಥಾನಕ್ಕೆ ಬಂದ ಮದಾಂ ದ ಪಾಂಪದೂರ್ ಹುಟ್ಟಿನಿಂದ ಕುಲೀನಳಲ್ಲ. ಅವಳ ಸ್ಥಾನವನ್ನು ನಿಲ್ಲಿಸಿದ್ದು ಬುದ್ಧಿ, ಅಭಿರುಚಿ ಮತ್ತು ಬಹುಮಟ್ಟಿಗೆ ಚಿತ್ರಗಳು. ಬೂಶೆ 1756ರಲ್ಲಿ ಬರೆದ ಅವಳ ಚಿತ್ರ ಮ್ಯೂನಿಕ್‌ನಲ್ಲಿದೆ. ಆ ಹೊತ್ತಿಗೆ ಅವಳು ಅರಸನ ಪ್ರೇಯಸಿಯಾಗಿ ಉಳಿದಿರಲಿಲ್ಲ, ಗೆಳತಿಯೂ ಸಲಹೆಗಾರಳೂ ಆಗಿದ್ದಳು; ಅದೇ ವರ್ಷ ರಾಣಿಯ ಸಖಿಯ ಗೌರವ ಸ್ಥಾನ ಸಿಕ್ಕಿತ್ತು. ಒರಗುಮಂಚದ ಮೇಲೆ ಅವಳು ಒರಗಿದ್ದಾಳೆ. ತೆಳು ಹಸಿರುನೀಲಿ ರೇಷ್ಮೆಯ ಮೇಲೆ ಸಾಲುಸಾಲು ಗುಲಾಬಿಗಳು. ಲಂಗದ ಅಂಚಿನಿಂದ ಪುಟ್ಟ ಪಾದರಕ್ಷೆಗಳು ಇಣುಕುತ್ತವೆ. ಕೈಯಲ್ಲಿ ತೆರೆದ ಪುಸ್ತಕ, ಪಕ್ಕದ ಚಿಕ್ಕ ಮೇಜಿನ ಅರೆತೆರೆದ ಸೆಳೆಗೂಡಿನಲ್ಲಿ ಗರಿಯ ಲೇಖನಿ. ಬೆನ್ನ ಹಿಂದೆ ಕನ್ನಡಿ. ಅದರಲ್ಲಿ ಪುಸ್ತಕದ ಕಪಾಟು. ವೆಲಾಸ್ಕೆಸ್‌ನ ಕನ್ನಡಿಯಲ್ಲಿ ಅರಸನಿದ್ದ, ಇಲ್ಲಿ ಪುಸ್ತಕಗಳಿವೆ. ಆ ಕಪಾಟು ನಮ್ಮ ಹಿಂದೆ ಇರಬೇಕು, ಎಂದರೆ ನಾವು ಅವಳ ಓದುವ ಕೋಣೆಯ ನಡುವೆಯೇ ಬಂದು ನಿಂತಿದ್ದೇವೆ. ಆದರೂ ಅವಳು ನಮ್ಮನ್ನು ನೋಡುತ್ತಿಲ್ಲ, ಓದು ನಿಲ್ಲಿಸಿ ಬೇರೆಲ್ಲೋ ನೋಡುತ್ತಿದ್ದಾಳೆ. ಹತ್ತಿರ ಕರೆದು ದೂರ ಇಡುವ ಈ ಕಲೆಯನ್ನು ಬರಿಯ ಸಿಂಗಾರವೆಂದು ಬದಿಗೆ ಸರಿಸುವವರ ಮಾತನ್ನು ನಾನು ಒಪ್ಪಲಾರೆ. ಅರಸನಿಗೆ ಎತ್ತರ ಕೊಡುತ್ತಿದ್ದ ರಕ್ಷಣೆಯನ್ನು ಅವಳಿಗೆ ಆ ನೋಟ ಕೊಡುತ್ತದೆ.

ಎತ್ತರ ಅಷ್ಟಕ್ಕೇ ಮುಗಿಯಲಿಲ್ಲ. ಜರ್ಮನಿಯ ವೂರ್ಟ್ಸ್‌ಬರ್ಗಿನಲ್ಲಿ ಊರಿನ ಬಿಷಪ್ಪನೇ ಅರಸನೂ ಆಗಿದ್ದ. ಅವನ ಅರಮನೆಯ ಮಹಡಿ ಮೆಟ್ಟಿಲಿನ ಮೇಲಿನ ಕಮಾನು ಛಾವಣಿಯನ್ನು ವೆನಿಸ್ಸಿನ ತಿಯೆಪೊಲೊ 1753ರಲ್ಲಿ ಬರೆದು ಮುಗಿಸಿದ. ಸುಮಾರು 600 ಚದರ ಮೀಟರ್, ನಡುವೆ ಒಂದು ಕಂಬವಿಲ್ಲ. ಹಸಿ ಗಾರೆಯ ಮೇಲೆ ಬರೆಯುವ ಈ ವಿಧಾನದಲ್ಲಿ ಒಂದು ದಿನ ಮುಗಿಸಬಲ್ಲಷ್ಟೇ ಜಾಗಕ್ಕೆ ಗಾರೆ ಬಳಿಯಬೇಕು, ಒಣಗುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು, ತಪ್ಪಿದರೆ ಕೆತ್ತಿ ತೆಗೆಯಬೇಕು. ಮೆಟ್ಟಿಲು ಹತ್ತುವವನಿಗೆ ಮೊದಲು ಅಮೆರಿಕ ಕಾಣುತ್ತದೆ. ನಡುವಿನ ಚೌಕದಲ್ಲಿ ತಿರುಗಿ ಮೇಲೇರಿದಾಗ ಏಷ್ಯಾ, ಆಫ್ರಿಕ, ಕೊನೆಗೆ ಯುರೋಪ್, ಅದರ ಮೇಲೆ ಬಿಷಪ್ಪನ ಮುಖ. ಏಷ್ಯಾ ಆನೆಯ ಮೇಲೆ ಕುಳಿತ ಹೆಂಗಸು. ಖಂಡಗಳನ್ನು ಹೀಗೆ ಮೆಟ್ಟಿಲಿಗೆ ಜೋಡಿಸಿ ಯುರೋಪನ್ನು ತುದಿಗಿಟ್ಟದ್ದು ಆ ಕಾಲದ ನಂಬಿಕೆ. ಅದನ್ನು ಕಾಣದಂತೆ ದಾಟಿಹೋಗುವುದು ನಮಗೆ ತರವಲ್ಲ. ಆದರೂ ಒಂದೆಡೆ ನಿಲ್ಲಿಸದೆ ನೋಡುವವನನ್ನು ನಡೆಸುತ್ತಲೇ ಇರುವ ಛಾವಣಿ ಇದಕ್ಕೆ ಸಾಟಿಯಾದದ್ದು ಇಲ್ಲ. 1945ರ ಮಾರ್ಚ್ 16ರ ಬಾಂಬ್ ದಾಳಿಯಲ್ಲಿ ಊರು ಸುಟ್ಟುಹೋದಾಗಲೂ ಈ ಕಮಾನು ಬೀಳಲಿಲ್ಲ.

ಕೊನೆಯದಾಗಿ ಎಲಿಜಬೆತ್ ವಿಜೆ ಲೆ ಬ್ರೂನ್. ಹದಿನಾರನೆಯ ಲೂಯಿಯ ರಾಣಿ ಮರಿ ಅಂತ್ವಾನೆತ್‌ಳ ಮೆಚ್ಚಿನ ಚಿತ್ರಕಾರ್ತಿಯಾದ ಈಕೆಯನ್ನು 1783ರಲ್ಲಿ ಚಿತ್ರಕಾರರ ರಾಜ ಅಕಾಡೆಮಿಗೆ ಸೇರಿಸಿಕೊಂಡರು. ಅದೇ ವರ್ಷದ ಪ್ರದರ್ಶನದಲ್ಲಿ ರಾಣಿಯನ್ನು ಬಿಳಿ ಮಸ್ಲಿನ್ನಿನ ಸಡಿಲ ಉಡುಪಿನಲ್ಲಿ, ಹುಲ್ಲಿನ ಟೊಪ್ಪಿಗೆಯಲ್ಲಿ ತೋರಿಸಿದಳು. ಒಳಉಡುಪಿನಂತೆ ಕಾಣುವ ಬಟ್ಟೆಯಲ್ಲಿ ರಾಣಿಯೇ ಎಂದು ಜನ ಕೆರಳಿದರು; ಫ್ರಾನ್ಸಿನ ರೇಷ್ಮೆ ಬಿಟ್ಟು ಹೊರನಾಡಿನ ಹತ್ತಿ ಉಟ್ಟಳೆಂಬ ಆಕ್ಷೇಪವೂ ಬಂತು. ಚಿತ್ರವನ್ನು ಇಳಿಸಿ ರೇಷ್ಮೆ ಉಟ್ಟ ಇನ್ನೊಂದನ್ನು ಇಡಬೇಕಾಯಿತು. ಪಾಂಪದೂರಳ ಕೋಣೆಗೆ ಜನ ಹೋಗಬಹುದಿತ್ತು, ರಾಣಿ ಮಾತ್ರ ಜನರ ಹತ್ತಿರ ಅಷ್ಟು ಬರುವಂತಿರಲಿಲ್ಲ.

ಐದು ವರ್ಷಗಳ ನಂತರ, 1788ರ ಆಗಸ್ಟ್ 10ರಂದು, ನಮ್ಮ ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ ಕಳಿಸಿದ ಮೂವರು ರಾಯಭಾರಿಗಳು ವರ್ಸೈಲ್ಸ್‌ನಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಇಂಗ್ಲಿಷರ ವಿರುದ್ಧ ನೆರವು ಕೇಳಲು ಕಡಲು ದಾಟಿ ಹೋದವರು ಇವರು. ಓಲಗ ನಡೆದದ್ದು ಹರ್ಕ್ಯುಲಿಸ್ ಶಾಲೆಯಲ್ಲಿ. ಅದರ ಛಾವಣಿಯಲ್ಲಿ ಫ್ರಾನ್ಸ್ವಾ ಲೆಮ್ವಾನ್ ಮೂರು ವರ್ಷ ದುಡಿದು 1736ರಲ್ಲಿ ಮುಗಿಸಿದ, ಹರ್ಕ್ಯುಲಿಸ್ ದೇವತೆಗಳ ಸಾಲಿಗೆ ಏರುವ ಮಹಾಚಿತ್ರವಿದೆ. ಅದನ್ನು ಮುಗಿಸಿ ವರ್ಷ ಕಳೆಯುವುದರೊಳಗೆ ಆ ಚಿತ್ರಕಾರ ತನ್ನ ಪ್ರಾಣ ತಾನೇ ತೆಗೆದುಕೊಂಡ. ಬರೋಕ್‌ನ ಎತ್ತರವೆಲ್ಲ ತಲೆಯ ಮೇಲೆ ತೂಗುತ್ತಿದ್ದ ಆ ಜಾಗದಲ್ಲಿ ಮೈಸೂರಿನವರು ನಿಂತಿದ್ದರು. ಖಜಾನೆ ಬರಿದಾಗಿದ್ದ ಅರಸ ಗೌರವ ಕೊಟ್ಟ, ಉಡುಗೊರೆ ಕೊಟ್ಟ, ಸೈನ್ಯ ಕೊಡಲಿಲ್ಲ.

ವಿಜೆ ಲೆ ಬ್ರೂನ್ ಈ ರಾಯಭಾರಿಗಳನ್ನು ಆಪೆರಾದಲ್ಲಿ ನೋಡಿ ಅವರನ್ನು ಬರೆಯಲು ಆಸೆಪಟ್ಟಳು. ಅರಸನೇ ಕೇಳಿದರೆ ಮಾತ್ರ ಒಪ್ಪುವೆವೆಂದು ಅವರು ಹೇಳಿದರೆಂದೂ, ಅರಸನ ಮಾತು ದೊರಕಿಸಿಕೊಂಡು ತಾನು ಬಣ್ಣಗಳೊಡನೆ ಅವರ ಬಿಡಾರಕ್ಕೆ ಹೋದಾಗ ಪನ್ನೀರು ಚಿಮುಕಿಸಿ ಬರಮಾಡಿಕೊಂಡರೆಂದೂ ಅವಳು ನೆನಪುಗಳಲ್ಲಿ ಬರೆದಿದ್ದಾಳೆ. ಅವರಲ್ಲೊಬ್ಬನಾದ ಮಹಮ್ಮದ್ ದರ್ವೇಶ್ ಖಾನ್ ಎದ್ದು ನಿಂತ. ಚಿತ್ರ ಎರಡೂಕಾಲು ಮೀಟರ್ ಎತ್ತರ. ಬಂಗಾರದ ಹೂಗಳಿರುವ ಬಿಳಿ ಮಸ್ಲಿನ್ನಿನ ನಿಲುವಂಗಿ, ಸೊಂಟಕ್ಕೆ ಬೆಲೆಬಾಳುವ ಪಟ್ಟಿ, ತಲೆಗೆ ರುಮಾಲು, ಕೈ ಕತ್ತಿಯ ಹಿಡಿಯ ಮೇಲೆ. ರಾಣಿಯ ಮೈಮೇಲೆ ಜನರನ್ನು ಕೆರಳಿಸಿದ ಬಟ್ಟೆ ಇಲ್ಲಿ ಪದವಿಯ ಬಟ್ಟೆ. ನೋಡುವವನ ಕಣ್ಣನ್ನು ಅವಳು ಮತ್ತೆ ಕೆಳಗಿಟ್ಟಳು, ರಿಗೋ ಲೂಯಿಗೆ ಕೊಟ್ಟ ಎತ್ತರವನ್ನು ಮೈಸೂರಿನ ರಾಯಭಾರಿಗೆ ಕೊಟ್ಟಳು. ದರ್ವೇಶ್ ಖಾನ್ ಆ ಚಿತ್ರವನ್ನು ಬಿಟ್ಟುಕೊಡದೆ ಹಾಸಿಗೆಯ ಹಿಂದೆ ಬಚ್ಚಿಟ್ಟನಂತೆ. ಅವನ ಸೇವಕನ ಮೂಲಕ ಅದನ್ನು ಹೊರತರಿಸಬೇಕಾಯಿತು. 2019ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾದಾಗ ಇದಕ್ಕೆ ಸುಮಾರು 72 ಲಕ್ಷ ಡಾಲರ್ ಬಂತು.

ಈ ಚಿತ್ರ ಪ್ಯಾರಿಸ್ಸಿನ ಜನರೆದುರಿಗೆ ಬಂದದ್ದು 1789ರ ಪ್ರದರ್ಶನದಲ್ಲಿ. ಪ್ರದರ್ಶನ ಆಗಸ್ಟ್ 25ರಂದು ತೆರೆಯಿತು, ಕ್ರಾಂತಿಯಲ್ಲಿ ಬಾಸ್ಟೀಲ್ ಕೋಟೆ ಬಿದ್ದು ಆರು ವಾರ ಕಳೆದಿತ್ತು. ಅಕ್ಟೋಬರ್ 6ರಂದು ಜನರ ಗುಂಪು ಅರಸನನ್ನೂ ರಾಣಿಯನ್ನೂ ವರ್ಸೈಲ್ಸ್‌ನಿಂದ ಪ್ಯಾರಿಸ್ಸಿಗೆ ಕರೆತಂದಿತು. ಆ ರಾತ್ರಿ ವಿಜೆ ಲೆ ಬ್ರೂನ್ ಬಡವರ ಬಟ್ಟೆ ಉಟ್ಟು, ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು, ಸಾರ್ವಜನಿಕ ಸಾರೋಟಿನಲ್ಲಿ ಇಟಲಿಯ ದಾರಿ ಹಿಡಿದಳು.